ಗೆರೆಯಾಚೆ ನಿಲ್ಲುವವಳು

ಮುಹೊಂಜಾ ಹೆದರುಪುಕ್ಕಲಿ ಎಂದು ಮಲಾವಾ ಊರಿನ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ನಾಯಿ ಬೊಗಳಿದರೆ ನಿಂತುಬಿಡುತ್ತಿದ್ದಳು. ಕಬ್ಬಿನ ಲಾರಿ ಬಂದರೆ ರಸ್ತೆ ಬಿಟ್ಟು ಚರಂಡಿಗೇ ಇಳಿಯುತ್ತಿದ್ದಳು. ಆದರೆ ಅವಳ ನಿಜವಾದ ಭಯ ಸಿಡಿಲಿನದು. ಆ ಕಡೆ ವರ್ಷದ ಮುಕ್ಕಾಲು ಪಾಲು ಮಧ್ಯಾಹ್ನವಾಯಿತೆಂದರೆ ಗುಡುಗು. ಮದುವೆಯಾದ ಆರನೇ ವರ್ಷ, ಹಸು ಹೊಡೆದುಕೊಂಡು ಬರಲು ಹೋದ ಗಂಡ ನೀಲಗಿರಿ ಮರದ ಬುಡದಲ್ಲಿ ಹಸುವಿನ ಪಕ್ಕದಲ್ಲೇ ಸತ್ತು ಬಿದ್ದಿದ್ದ. ಹಗ್ಗ ಇನ್ನೂ ಕೈಯಲ್ಲಿತ್ತು. ಅಂದಿನಿಂದ ಮೋಡ ಕಪ್ಪಾದರೆ ಸಾಕು, ಅವಳು ಬಾಗಿಲು ಹಾಕಿ ಚಾಪೆಯ ಮೇಲೆ ಮುದುಡಿ ಕೂರುತ್ತಿದ್ದಳು.

ಅಂಥವಳು ಬಯಲಿನಲ್ಲಿ ನಿಲ್ಲುವ ಕೆಲಸಕ್ಕೆ ಬಂದದ್ದು ರಾಗಿ ಗಂಜಿಯ ದೆಸೆಯಿಂದ. ಅವಳು ಅಡುಗೆ ಮಾಡುತ್ತಿದ್ದ ಶಾಲೆಯ ಮೈದಾನದಲ್ಲಿ, ಬುದ್ಧಿ ಬೆಳವಣಿಗೆ ಕಡಿಮೆ ಇರುವವರಿಗೆ ಆಟ ಕಲಿಸುವ ಸಂಸ್ಥೆಯೊಂದು ಪ್ರತಿ ಶನಿವಾರ ಮಧ್ಯಾಹ್ನ ಅಭ್ಯಾಸ ಶುರು ಮಾಡಿತು. ಹಿತ್ತಿಲ ಕೋಣೆಗಳಲ್ಲೇ ಬೆಳೆದವರು, ಶಾಪ ತಗುಲಿದೆ ಎಂದು ಊರು ದೂರವಿಟ್ಟವರು, ಇಪ್ಪತ್ತು ಜನ ಬಂದರು. ಅವರಿಗೆ ಗಂಜಿ ಕಾಯಿಸಿಕೊಡಲು ಬೇರೆ ಯಾರೂ ಒಪ್ಪದೆ ಕೆಲಸ ಮುಹೊಂಜಾಳ ಕೊರಳಿಗೆ ಬಿತ್ತು. ಮೊದಲ ವಾರ ಲೋಟಗಳನ್ನು ಕಿಟಕಿಯಿಂದಲೇ ಹೊರಗೆ ಸರಿಸಿದಳು. ಅವರೆಂದರೂ ಅವಳಿಗೆ ಹೆದರಿಕೆಯೇ.

ಎಲ್ಲರೂ ಕುಡಿದಾದ ಮೇಲೆ ಅವರಲ್ಲೇ ಮೂವತ್ತು ದಾಟಿದ ಒಬ್ಬ ಗಂಡಸು ಇಪ್ಪತ್ತು ಲೋಟಗಳನ್ನೂ ತೊಳೆದು ಎದೆಗೆ ಅವುಚಿಕೊಂಡು ಬಂದು ಕಿಟಕಿಯಲ್ಲಿ ಮುಖ ತೂರಿಸಿದ.

"ಸೆಂಗೆ, ಇನ್ನೊಂದ್ ಲೋಟ ಇದ್ಯಾ?"

ಅಲ್ಲಿ ಸೋದರತ್ತೆಯನ್ನು ಕರೆಯುವುದು ಹಾಗೆ. ಮುಹೊಂಜಾಳಿಗೆ ಅಣ್ಣತಮ್ಮಂದಿರಿರಲಿಲ್ಲ. ಅಲ್ಲಿಯವರೆಗೆ ಯಾರೂ ಅವಳನ್ನು ಸೆಂಗೆ ಎಂದಿರಲಿಲ್ಲ. ಪಾತ್ರೆಯ ತಳ ಬಳಿದು ಕೊಟ್ಟಳು.

ಅವನ ಹೆಸರು ಲುಂಬಾಸಿ. ಓಡಲು ನಿಂತರೆ ಅವನಿಗೆ ಸರಿಸಾಟಿ ಯಾರೂ ಇಲ್ಲ, ಆದರೆ ನಿಲ್ಲಲು ಬಾರದು. ಗೆರೆ ದಾಟಿದ ಮೇಲೂ ಓಡುತ್ತಲೇ ಇರುತ್ತಿದ್ದ. ಒಮ್ಮೆ ಗೇಟು ದಾಟಿ ಲಾರಿಗಳ ನಡುವೆ ಹೋಗಿಬಿಟ್ಟಿದ್ದ. ತರಬೇತುದಾರ ಲುಗಾಲಿಯಾ ಯೋಚಿಸಿ ಒಂದು ಉಪಾಯ ಹೂಡಿದ. "ಸೆಂಗೆ, ನೀವು ಗೆರೆಯಾಚೆ ಕೈ ಅಗಲಿಸಿ ನಿಂತ್ಕೊಳ್ಳಿ. ನಿಮ್ಮನ್ನ ಕಂಡ್ರೆ ನಿಲ್ತಾನೆ." ಲುಂಬಾಸಿ ನೇರ ಬಂದು ಅವಳ ತೆಕ್ಕೆಗೆ ಬಿದ್ದ. ನಿಂತ. ಅಂದಿನಿಂದ ಅದೂ ಅವಳ ಕೆಲಸವಾಯಿತು.

ಜಿಲ್ಲೆಯ ಕ್ರೀಡಾಕೂಟಕ್ಕೆ ಆಯ್ಕೆ ನಡೆಯುತ್ತಿದ್ದ ಶನಿವಾರ, ಎರಡು ಗಂಟೆಯ ಹೊತ್ತಿಗೆ ಕಾಡಿನ ಕಡೆಯಿಂದ ಮೋಡ ಎದ್ದಿತು. ಮುಹೊಂಜಾ ಗೆರೆ ಬಿಟ್ಟು ಬಂದಳು.

"ಸಾಕು ಲುಗಾಲಿಯಾ, ಎಲ್ಲರನ್ನೂ ಒಳಗೆ ಕರ್ಕೊಂಡು ಹೋಗೋಣ."

"ಅಯ್ಯೋ ಸೆಂಗೆ, ಯಾರೋ ಒಲೆ ಹಚ್ಚಿದ್ರೂ ನಿಮಗೆ ಮೋಡನೇ! ಇನ್ನೊಂದೇ ಒಂದು ಓಟ."

ಉಳಿದವರು ನಕ್ಕರು. ಅವಳು ನಾಚಿಕೆಯಿಂದ ಸುಮ್ಮನಾದಳು. ಹಾಗೆ ಸುಮ್ಮನಾದದ್ದನ್ನು ಆಮೇಲೆ ಎಷ್ಟೋ ದಿನ ನೆನೆದು ಕೊರಗಿದಳು.

ಓಟಗಾರರು ಇನ್ನೂ ಸಾಲಿನಲ್ಲಿ ನಿಂತಿದ್ದರು. ಬೇಲಿಯ ಮರಕ್ಕೆ ಸಿಡಿಲು ಬಡಿಯಿತು. ಲೋಕವೆಲ್ಲ ಒಮ್ಮೆ ಬೆಳ್ಳಗಾಗಿ, ನೆಲ ಕಾಲಡಿಯಲ್ಲಿ ಜಿಗಿದಂತಾಯಿತು. ಕಣ್ಣು ಬಿಟ್ಟಾಗ ಎಲ್ಲರೂ ಕಿರುಚುತ್ತಿದ್ದರು, ಲುಂಬಾಸಿ ಕಿವಿ ಮುಚ್ಚಿಕೊಂಡು ಬೇಲಿಯ ಕಂಡಿಯಿಂದ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದ.

"ಲುಂಬಾಸಿ!" ಲುಗಾಲಿಯಾ ಕೂಗಿದ. ಇಬ್ಬರು ಅವನ ಕಾಲಿಗೆ ಜೋತುಬಿದ್ದಿದ್ದರು, ಒಬ್ಬಳಿಗೆ ಫಿಟ್ಸ್ ಬಂದಿತ್ತು. ಅವನು ಮುಹೊಂಜಾಳ ಮುಖ ನೋಡಿದ. ಹೋಗಿ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ.

ಅವಳು ಹೋದಳು.

ಟ್ರ್ಯಾಕ್ಟರ್ ಓಡಾಡುವ ಮಣ್ಣುದಾರಿಯಲ್ಲಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ಆಲಿಕಲ್ಲು ಸುರಿಯಿತು. ಎರಡೂ ಕಡೆ ಕಬ್ಬು ತಲೆಗಿಂತ ಮೇಲೆ ಬೆಳೆದಿತ್ತು. ಅವಳು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಮತ್ತೊಂದು ಮಿಂಚಿಗೆ ಕೆಸರಿನಲ್ಲಿ ಕುಕ್ಕರಿಸಿದಳು. ಏಳಲಾಗಲಿಲ್ಲ. ವಾಪಸು ಹೋಗಿ ಸಿಗಲಿಲ್ಲ ಎಂದುಬಿಡೋಣ, ಯಾರು ಏನನ್ನುತ್ತಾರೆ, ಹೆದರುಪುಕ್ಕಲಿ ಎಂದು ಗೊತ್ತೇ ಇದೆಯಲ್ಲ ಎಂದು ಮನಸ್ಸಿಗೆ ಬಂತು. ಹಿಂದಕ್ಕೆ ಹತ್ತು ಹೆಜ್ಜೆ ತೆವಳಿಯೂ ಬಿಟ್ಟಳು. ಆಗ ಕಬ್ಬಿನ ಸಾಲಿನ ಒಳಗೆ ಲುಂಬಾಸಿಯ ನೀಲಿ ಅಂಗಿ ಕಂಡಿತು.

ಲುಂಬಾಸಿ ಮಂಡಿಯ ನಡುವೆ ತಲೆ ಹುದುಗಿಸಿ ಕೂತು ಊಳಿಡುತ್ತಿದ್ದ. ಅವಳು ಎಲೆ ಸರಿಸಿ ಒಳಗೆ ಕಾಲಿಟ್ಟ ಸದ್ದಿಗೇ ಬೆದರಿ ಇನ್ನೂ ಒಳಗೆ ಸರಿದ. ಮತ್ತೆ ಹೋದಳು, ಮತ್ತೆ ಸರಿದ. ಹೀಗೇ ಅಟ್ಟಿದರೆ ಗದ್ದೆಯಾಚೆಯ ಹೊಳೆಗೇ ಬಿದ್ದಾನು ಎಂದುಕೊಂಡಳು.

ಅವಳು ಹೊರಗೆ ಬಂದಳು. ಬಟಾಬಯಲಾದ ದಾರಿಯ ನಡುವೆ, ಮಿಂಚಿನ ಕೆಳಗೆ, ಎದ್ದು ನಿಂತಳು. ಎರಡೂ ಕೈ ಅಗಲಿಸಿದಳು.

"ಲುಂಬಾಸಿ! ಗೆರೆ ಇಲ್ಲಿದೆ! ಓಡು!"

ಒಂದು ಸಿಡಿಲು. ಅವಳು ಕಣ್ಣು ಮುಚ್ಚಿದಳು, ಕೈ ಇಳಿಸಲಿಲ್ಲ. "ಓಡೋ! ಓಡು ನನ್ನಪ್ಪಾ!"

ಕಬ್ಬು ಮುರಿಯುವ ಸದ್ದು ಕೇಳಿಸಿತು. ಮರುಕ್ಷಣ ಅವನು ಎದೆಗೆ ಬಂದು ಅಪ್ಪಳಿಸಿದ ರಭಸಕ್ಕೆ ಇಬ್ಬರೂ ನೆಲಕ್ಕುರುಳಿದರು.

ಶಾಲೆಗೆ ಮರಳುವಷ್ಟರಲ್ಲಿ ಅವನ ತಾಯಿ ಅಯೂಮಾ ಸಂತೆಯಿಂದ ಓಡಿಬಂದಿದ್ದಳು. ಕಬ್ಬಿನ ಎಲೆ ಕೊಯ್ದ ಮಗನ ಮುಖ ನೋಡಿ ಸಿಟ್ಟಿಗೆದ್ದಳು. "ಏನಾದ್ರೂ ಆಗಿದ್ರೆ ನನಗೇನ್ ಹೇಳ್ತಿದ್ರಿ? ಆಟ ಅಂತೆ ಆಟ! ಮನೇಲೇ ಇರ್ಲಿ ಅವನು." ಮುಹೊಂಜಾಳೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಶನಿವಾರ ಮೈದಾನದ ಕಡೆ ತಲೆ ಹಾಕಲಿಲ್ಲ.

ಮೂರನೇ ವಾರ ಅಯೂಮಾ ಅವಳ ಹೊಸ್ತಿಲಲ್ಲಿ ಬಂದು ಕೂತಳು.

"ಅಂಗಳದಲ್ಲೇ ಓಡ್ತಾನೆ ಕಣೆ, ಹೋಗಿ ಗೋಡೆಗೆ ಢಿಕ್ಕಿ ಹೊಡೀತಾನೆ. ಹಣೆಯೆಲ್ಲ ಬುಗುಟು."

"ನೀನೇ ನಿಂತ್ಕೊಂಡು ಹಿಡಿ."

"ನಾನ್ ನಿಂತ್ರೆ ಪಕ್ಕಕ್ಕೆ ಸರಿದು ಹೋಗ್ತಾನೆ. ನಾನು ಬರೀ ಅವನಮ್ಮ, ನನ್ನ ಮಾತಿಗೆ ಎಲ್ಲಿ ಬೆಲೆ?"

ಮುಹೊಂಜಾಳಿಗೆ ನಗು ಬರಲಿಲ್ಲ. "ನನಗೆ ಭಯ, ಅಯೂಮಾ. ಅವತ್ತು ಅವನನ್ನ ಬಿಟ್ಟು ವಾಪಸ್ ಬರ್ತಿದ್ದೆ. ಯಾರಿಗೂ ಹೇಳಿಲ್ಲ. ನಿನಗೆ ಹೇಳ್ತಿದೀನಿ."

ಅಯೂಮಾ ಮಡಿಲಿನ ಧೂಳು ಕೊಡವಿಕೊಂಡಳು. "ಭಯ ಇಲ್ಲದೋರ ಕೈಗೆ ನಾನಂತೂ ಅವನನ್ನ ಕೊಡಲ್ಲ," ಎಂದು ಎದ್ದಳು.

ಮುಹೊಂಜಾ ಮೈದಾನಕ್ಕೆ ಹೋದಳು, ಆದರೆ ಮೊದಲು ಲುಗಾಲಿಯಾನ ಹತ್ತಿರ ಎರಡು ಮಾತು ಕಟ್ಟುನಿಟ್ಟಾಗಿ ಒಪ್ಪಿಸಿಕೊಂಡಳು. ಅಭ್ಯಾಸ ಇನ್ನು ಬೆಳಗ್ಗೆ. ತಾನು ಒಳಗೆ ಎಂದರೆ ಎಲ್ಲರೂ ಒಳಗೆ, ಯಾಕೆ ಎಂದು ಕೇಳುವ ಹಾಗಿಲ್ಲ.

ಮೊದಲನೇ ದಿನವೇ ಹತ್ತೂವರೆಗೆ, ಅಂಗೈಯಗಲದ ಮೋಡವೊಂದನ್ನು ಕಂಡು ಎಲ್ಲರನ್ನೂ ತರಗತಿಗೆ ಅಟ್ಟಿದಳು. ಅರ್ಧ ಗಂಟೆ ಕೂತರು. ಹೊರಗೆ ಚುರುಗುಟ್ಟುವ ಬಿಸಿಲು. ಲುಂಬಾಸಿ ಗೊಣಗಿದ. ಲುಗಾಲಿಯಾ ಒಮ್ಮೆ ಆಕಾಶವನ್ನು, ಒಮ್ಮೆ ಅವಳನ್ನು ನೋಡಿ, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತ.