ಕಲ್ಲಿನ ರಾಶಿಯಲ್ಲಿ ಅಣ್ಣನ ಲಿಂಗ

ಅಣ್ಣ ಅವತ್ತು ಸಂಜೆ ಖಣಿಯಿಂದ ಬಂದವನೇ ಮುಖ ಕೂಡ ತೊಳೆಯದೆ ನನ್ನ ರಾಟಿಯ ಮುಂದೆ ಕುಂತುಬಿಟ್ಟ. ಹುಬ್ಬು, ಮೀಸೆ, ತಲೆಗೂದಲು ಎಲ್ಲಾ ಕಲ್ಲಿನ ಹುಡಿಯಿಂದ ಬೆಳ್ಳಗಾಗಿದ್ದವು. ಕಣ್ಣು ಮಾತ್ರ ಮಿನುಗುತ್ತಿದ್ದವು. ಆಗ ನಾನು ಇಳಕಲ್ಲಿನ ನಮ್ಮ ಓಣಿಯ ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಿದ್ದೆ. ಅಣ್ಣ ಊರ ಹೊರಗಿನ ಕೆಂಪು ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರೆಲ್ಲಾ ಖಣಿಯ ಮಾತೇ ಮಾತು.

ಒಂದು ಸೀಳೂ ಇಲ್ಲದ ದೊಡ್ಡ ಕಲ್ಲೊಂದು ಖಣಿಯ ಗೋಡೆಯಿಂದ ಬಿಟ್ಟು ನಿಂತಿದೆಯಂತೆ. ಅಷ್ಟು ದೊಡ್ಡದು ಆ ಖಣಿಯಲ್ಲಿ ಈವರೆಗೆ ಬಂದಿಲ್ಲವಂತೆ. ಇನ್ನೇನು, ಕ್ರೇನಿನಿಂದ ಎತ್ತುವುದೊಂದೇ ಬಾಕಿ ಅಂದ.

"ನಾಳಿ ರೊಟ್ಟಿ ಗಂಟು ನೀನ ತಗೊಂಡ ಬಾ. ಆ ಕೆಂಪ ನೋಡಿದಿ ಅಂದ್ರ, ನೀ ಸುತ್ತೋ ಈ ನೂಲಿಗೆ ಬಣ್ಣಾನ ಇಲ್ಲ ಅಂತೀ."

ಒಲೆಯ ಮುಂದಿದ್ದ ಅವ್ವ ಅಲ್ಲಿಂದಲೇ ಅಂದಳು: "ತಂಗೀಗೆ ವರಾ ನೋಡಪಾ ಅಂದ್ರ, ಇಂವಾ ಕಲ್ಲ ತೋರಸ್ತಾನಂತ."

ಮೂವರೂ ನಕ್ಕೆವು. ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ನಾವು ಮೂವರೇ.

ಅಣ್ಣ ಜಳಕ ಮಾಡಿ ಬಂದಾಗ ಅವನ ಶಿವದಾರ ನನ್ನ ಕಣ್ಣಿಗೆ ಬಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಆ ದಾರ ಬೆವರಿಗೆ ಸವೆದು ಒಂದೆಳೆಯಷ್ಟೇ ಉಳಿದಿತ್ತು. ಸೆರಗು ನೇಯ್ದು ಉಳಿದಿದ್ದ ಕೆಂಪು ರೇಷ್ಮೆ ಎಳೆಗಳನ್ನು ಹುರಿಮಾಡಿ ಹೊಸದನ್ನು ಮಾಡಿಕೊಟ್ಟೆ. ಶಿವದಾರ ಬೆಳ್ಳಗಿರಬೇಕು ಎಂದು ಅವ್ವ ತಕರಾರು ತೆಗೆದಳು. ಕೆಂಪು ಕಲ್ಲಿನಲ್ಲಿ ದುಡಿಯುವವನಿಗೆ ಕೆಂಪು ದಾರವೇ ಚೆಂದ ಎಂದು ಅಣ್ಣ ತಾನೇ ಗಂಟು ಹಾಕಿಕೊಂಡ. ಆ ಲಿಂಗ ಅವನು ತೊಟ್ಟಿಲಲ್ಲಿದ್ದಾಗ ಮಠದ ಅಯ್ಯನವರು ಕಟ್ಟಿದ್ದು. ಹಲ್ಲು ಬರುವ ಕಾಲಕ್ಕೆ ಅದನ್ನೇ ಬಾಯಿಗಿಟ್ಟುಕೊಂಡು ಕಚ್ಚಿ ಒಂದು ಮಗ್ಗುಲಲ್ಲಿ ಸಣ್ಣ ಚೂರು ಎಬ್ಬಿಸಿದ್ದನಂತೆ. ಅವ್ವ ಆ ಕಥೆಯನ್ನು ಹೇಳದ ಹಬ್ಬವಿಲ್ಲ.

ಮರುದಿನ ನಾನು ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆ. ಜಾತ್ರೆಗೆ ಹೊರಟವರ ಹಾಗೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದೆ. ಊರು ದಾಟಿ ಹೊಲಗಳ ನಡುವಿನ ದಾರಿ ಹಿಡಿದಿದ್ದೆನಷ್ಟೆ. ಮುಂದೆ ಸದ್ದಾಯಿತು. ಮದ್ದು ಹಾರಿಸುವ ಸದ್ದು ನಮಗೆ ರೂಢಿಯೇ ಇತ್ತು. ಇದು ಹಾಗಿರಲಿಲ್ಲ. ಜೋಳದ ಚೀಲ ಸುರಿದ ಹಾಗೆ, ಆದರೆ ಗುಡ್ಡದಷ್ಟು ದೊಡ್ಡ ಚೀಲ, ಸುರಿದೇ ಸುರಿಯಿತು. ಆಮೇಲೆ ಧೂಳು ಎದ್ದಿತು. ನಾನು ಓಡಿದೆ.

ಖಣಿಯ ದಂಡೆಯ ಮೇಲೆ ಬೇಡವಾದ ಕಲ್ಲುಗಳನ್ನು ರಾಶಿ ಹಾಕಿರುತ್ತಿದ್ದರು. ಆ ರಾಶಿ, ಅದರ ಕೆಳಗಿನ ಗೋಡೆ, ಎರಡೂ ಕೂಡಿ ತಗ್ಗಿಗೆ ಇಳಿದಿದ್ದವು. ಎಲ್ಲರೂ ಚಹಾಕ್ಕೆ ಮೇಲೆ ಬಂದಿದ್ದರು. ಅಣ್ಣನೊಬ್ಬ ಮಾತ್ರ ಬಂದಿರಲಿಲ್ಲ.

ಹೊತ್ತು ಮುಳುಗುವುದರೊಳಗೆ ಅವನನ್ನು ತೆಗೆದರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಕೊರಳಲ್ಲಿ ಲಿಂಗವಿರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡುವಾಗ ಎಡಗೈಯಲ್ಲಿ ಅವರವರ ಲಿಂಗ ಇಟ್ಟು ಕೂಡಿಸುತ್ತಾರೆ. ಅಯ್ಯನವರು ಹೊಸ ಲಿಂಗವೊಂದನ್ನು ತಂದು ಅಣ್ಣನ ಅಂಗೈಯಲ್ಲಿಟ್ಟರು. ಅವ್ವ ಅಳಲಿಲ್ಲ, ಅದನ್ನೇ ನೋಡಿದಳು.

"ಇದು ಅವಂದಲ್ಲ," ಅಂದಳು.

ಅಯ್ಯನವರು ಬೇಜಾರು ಮಾಡಿಕೊಳ್ಳಲಿಲ್ಲ. ಅವನದು ಸಿಕ್ಕ ದಿನ ತಂದುಕೊಡಿ, ತಲೆಯ ಕಡೆ ಇಟ್ಟು ಮುಚ್ಚೋಣ ಎಂದರು. ಅಣ್ಣನ ಜೋಡಿ ಕಲ್ಲು ಕೊರೆಯುವ ಮಷಿನ್ ಹಿಡಿಯುತ್ತಿದ್ದ ಗೆಳೆಯನೊಬ್ಬನಿದ್ದ. ಮುಸಲ್ಮಾನರ ಹುಡುಗ, ನಮ್ಮ ಮನೆಯ ರೊಟ್ಟಿ ತಿಂದೇ ಬೆಳೆದವನು. ಅವನು ಅವ್ವನ ಎದುರು ಕುಕ್ಕರಗಾಲಿನಲ್ಲಿ ಕುಂತು, "ಹುಡುಕಿ ಕೊಡತೇನಿ, ಅವ್ವಾ," ಅಂದ.

ಅಲ್ಲಿಂದ ಶುರುವಾಯಿತು ನೋಡಿ. ಸಾವಿನ ಮನೆಯವರು ಹುರುಪಿನಲ್ಲಿದ್ದರು ಅಂದರೆ ಜನ ತಪ್ಪು ತಿಳಿದಾರು. ಆದರೆ ಖರೆ ಹೇಳಬೇಕಲ್ಲ. ನಾನೂ ಅವ್ವನೂ ಬೆಳಗಾಗುವುದನ್ನೇ ಕಾಯುತ್ತಿದ್ದೆವು. ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಬುಟ್ಟಿ ಹಿಡಿದು ಬಿರಬಿರನೆ ಖಣಿಗೆ ನಡೆದುಬಿಡುತ್ತಿದ್ದೆವು. ನನ್ನ ರಾಟಿಗೆ ಧೂಳು ಹಿಡಿಯಿತು. ತಗ್ಗು ಬರಿದು ಮಾಡದೆ ಖಣಿ ನಡೆಯುವ ಹಾಗಿರಲಿಲ್ಲ. ಅದಕ್ಕೇ ಒಂದು ಕಡೆ ಪಂಪು ನೀರು ಎಳೆಯುತ್ತಿತ್ತು, ಇನ್ನೊಂದು ಕಡೆ ಕ್ರೇನು ದೊಡ್ಡ ಕಲ್ಲು ಎತ್ತುತ್ತಿತ್ತು, ಹೆಣ್ಣುಮಕ್ಕಳು ಸಣ್ಣ ಕಲ್ಲು ಹೊರುತ್ತಿದ್ದರು. ಹೊತ್ತ ಬುಟ್ಟಿಯನ್ನು ಲಾರಿಗೆ ಸುರಿಯುವ ಮುಂಚೆ ಅವ್ವನ ಮುಂದೆ ಸುರಿಯುತ್ತಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ, ತಾವಾಗಿಯೇ ಹಾಗೆ ಮಾಡುತ್ತಿದ್ದರು. ಅವ್ವ ಕೋಲಿನಿಂದ ಕೆದರಿ ನೋಡಿ, "ಹೂಂ, ಹಾಕ್ರಿ," ಅನ್ನುತ್ತಿದ್ದಳು.

ನಾವು ಹುಡುಕುತ್ತಿದ್ದದ್ದು ಒಂದು ಕಲ್ಲು. ಹುಡುಕುತ್ತಿದ್ದ ಜಾಗದಲ್ಲಿ ಇದ್ದದ್ದೂ ಬರೀ ಕಲ್ಲೇ. ದಾರವೂ ಕೆಂಪು, ಕಲ್ಲೂ ಕೆಂಪು.

ಎಲ್ಲಿ ಹುಡುಕಬೇಕು ಅನ್ನುವುದೇ ದೊಡ್ಡ ಜಗಳವಾಯಿತು. ಅಣ್ಣ ಸಿಕ್ಕ ಜಾಗವನ್ನು ಮೊದಲೇ ನೋಡಿಯಾಗಿತ್ತು, ಕುಸಿತ ಅವನನ್ನು ಎಲ್ಲಿಂದ ಎಳೆದು ತಂದಿತ್ತೋ ಯಾರಿಗೂ ಗೊತ್ತಿರಲಿಲ್ಲ. ಖಣಿ ಯಾಕೆ ಕುಸಿಯಿತು ಅನ್ನುವುದು ಗೊತ್ತಾದರೆ ಎಲ್ಲಿ ಅಗೆಯಬೇಕು ಅನ್ನುವುದೂ ಗೊತ್ತಾಗುತ್ತಿತ್ತು. ಹಿಂದಿನ ವಾರದ ಮಳೆಗೆ ಮೇಲಿನ ರಾಶಿ ನೆನೆದು ಭಾರವಾಗಿ ಮೊದಲು ಅದೇ ಜಾರಿತು, ಗೋಡೆಯನ್ನು ಎಳೆದುಕೊಂಡು ಬಂತು ಎಂದು ಆಳುಗಳಿಗೆ ಕೆಲಸ ಹಚ್ಚುವ ಮುಕಾದಮರು ಹೇಳುತ್ತಿದ್ದರು. ಅದು ಖರೆಯಾದರೆ ರಾಶಿ ಹಾರಿಬಿದ್ದ ದೂರದ ಮೂಲೆಯಲ್ಲಿ ನೋಡಬೇಕು. ಗೆಳೆಯ ಒಪ್ಪುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ನೀರು ಜಿನುಗುತ್ತಿತ್ತು, ಮೊದಲು ಬುಡವೇ ಜಾರಿತು, ರಾಶಿ ಅದರ ಮೇಲೆ ಕುಂತಿತು ಅನ್ನುತ್ತಿದ್ದ. ಹಾಗಿದ್ದರೆ ಬುಡದಲ್ಲೇ ಅಗೆಯಬೇಕು. ಚಹಾದಂಗಡಿಯವನದು ಮೂರನೆಯ ವಾದ. ಪಕ್ಕದ ಖಣಿಯ ಮದ್ದಿಗೆ ನೆಲವೇ ಅಲುಗಿದೆಯಂತೆ. ಅವನ ಮಾತು ಕೇಳಿದರೆ ತಾಲೂಕನ್ನೇ ಅಗೆಯಬೇಕಾಗುತ್ತಿತ್ತು.

ಒಂದು ದಿನ ಮುಕಾದಮರು ಗೆಳೆಯನಿಗೆ ಎಲ್ಲರ ಎದುರು ಅಂದರು: "ನೀ ಚಾ ಕುಡಕೋತ ಕುಂತಿದ್ದಿ. ಬುಡಾ ಜಾರಿದ್ದು ನಿನಗ ಕಪ್ಪಿನಾಗ ಕಂಡಿತೇನಲೇ?"

"ಆ ಚಾ ಕೊಡಿಸಿದಾವ್ರು ನೀವ ಅಲ್ಲೇನ್ರಿ? ಬಾಜೂಕನ ಕುಂತಿದ್ರಿ."

ಅವ್ವ ಕೂಡ ನಕ್ಕಳು. ಮಣ್ಣು ಕೊಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಇಬ್ಬರೂ ಜಿದ್ದಿಗೆ ಬಿದ್ದರು. ಮುಕಾದಮರು ಒಂದು ಮೂಲೆಯಲ್ಲಿ ಆಳು ಹಚ್ಚಿದರು, ಗೆಳೆಯ ಬುಡದಲ್ಲಿ ಹಾರೆ ಹಿಡಿದ. ನಾವು ದಂಡೆಯ ಮೇಲೆ ಕುಂತು ಎರಡೂ ಕಡೆ ಕತ್ತು ತಿರುಗಿಸುತ್ತಿದ್ದೆವು. ಯಾರಾದರೂ ಬಗ್ಗಿ ಏನನ್ನೋ ಎತ್ತಿದರೆ ನಾನು ಎದ್ದು ನಿಲ್ಲುತ್ತಿದ್ದೆ.

ಒಮ್ಮೆ ಮೂಲೆಯ ಕಡೆಯಿಂದ ಸಿಕ್ಕಿತು ಎಂದು ಕೂಗಿದರು. ನಾನು ಕಾಲಿಗೆ ಕಲ್ಲು ಚುಚ್ಚುವುದನ್ನೂ ಲೆಕ್ಕಿಸದೆ ಇಳಿದೆ. ಕರಿ, ಗುಂಡಗೆ, ನುಣುಪು. ಎಲ್ಲರೂ ಕೈ ಮುಗಿದರು. ಅವ್ವ ಕೈಯಲ್ಲಿ ಹಿಡಿದು, ಹಲ್ಲಿನ ಗುರುತಿಗಾಗಿ ಮಗ್ಗುಲು ತಿರುಗಿಸಿ, ಉಗುರಿನಿಂದ ಒತ್ತಿದಳು. ಉಗುರು ಒಳಗೆ ಹೋಯಿತು. ಕ್ರೇನಿನ ಗಾಲಿಯಿಂದ ಬಿದ್ದ ಗ್ರೀಸಿನ ಉಂಡೆ ಅದು.

"ತಗೋರಿ ಮುಕಾದಮರ, ನಿಮ್ಮ ಕ್ರೇನಿಗೆ ಹಚ್ಚರಿ," ಎಂದು ಅವರ ಕೈಗೇ ಕೊಟ್ಟಳು.

ಆ ವಾರದ ಕೊನೆಗೆ ಗೆಳೆಯ ದೊಡ್ಡ ಕಲ್ಲಿನ ಮುಖ ಬಿಡಿಸಿದ. ಎಲ್ಲಾ ಕುಸಿದಿದ್ದರೂ ಆ ಕಲ್ಲು ಇದ್ದಲ್ಲೇ ನಿಂತಿತ್ತು. ಅದರ ಕಾಲಬುಡದಲ್ಲಿ ತಗಡಿನ ಡಬ್ಬಿಯೊಂದು ಚಪ್ಪಟೆಯಾಗಿ ಸಿಕ್ಕಿತು. ಅವನು ಅದರ ಮಣ್ಣು ಒರೆಸಿ ತಿರುವಿ ನೋಡಿದ. ಆಮೇಲೆ ಮೇಲೆ ಬಂದು ಹೇಳಿದ. ಖಣಿಯ ಕಲ್ಲಿಗೆ ಹುಡಿ ಹಿಡಿದಿರುತ್ತದೆ, ನೀರು ಹೊಯ್ದ ಮೇಲೆಯೇ ಅದರ ಖರೆ ಬಣ್ಣ ಕಾಣುವುದು. ಕಲ್ಲು ನೋಡಲು ಯಾರಾದರೂ ಬರುವವರಿದ್ದರೆ ಡಬ್ಬಿಯಲ್ಲಿ ನೀರು ತಂದು ಮುಖ ತೊಳೆದಿಡುತ್ತಾರೆ. ಅವತ್ತು ಕೊಳ್ಳುವವರು ಯಾರೂ ಬರುವವರಿರಲಿಲ್ಲ.

"ನಾ ಬರೋಳಿದ್ನಲ್ಲಾ," ಅಂದೆ.

ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಚಹಾ ಬಿಟ್ಟು ಅವನು ಯಾಕೆ ಅಲ್ಲಿ ಉಳಿದ ಎಂದು ಊರೆಲ್ಲಾ ಏನೇನೋ ಆಡಿತ್ತು. ನಿದ್ದೆ ಹೋಗಿದ್ದ ಅಂದವರಿದ್ದರು, ಗೋಡೆಗೆ ತಾನೇ ಹಾರೆ ಹಾಕಿದ್ದ ಅಂದವರೂ ಇದ್ದರು. ಅವನು ನನಗಾಗಿ ಕಲ್ಲು ತೊಳೆಯುತ್ತಿದ್ದ. ನನಗೆ ಅಳು ಬರಬೇಕಿತ್ತು. ಬಂದದ್ದು ಬೇರೆಯೇ. ಅವನು ಇನ್ನೂ ಅಲ್ಲೇ ನಿಂತು, ಬಾ ಎಂದು ಕೈ ಬೀಸಿದ ಹಾಗಾಯಿತು. ನಿಂತ ಜಾಗ ಗೊತ್ತಾಯಿತು ಅಂದರೆ ಇನ್ನು ಲಿಂಗ ಸಿಕ್ಕ ಹಾಗೆಯೇ!

ಮುಕಾದಮರೂ ಜಿದ್ದು ಬಿಟ್ಟು ತಮ್ಮ ಆಳುಗಳನ್ನು ಈ ಕಡೆ ತಂದರು. ದೊಡ್ಡ ಕಲ್ಲುಗಳನ್ನು ಕೈಯಿಂದಲೇ ಸರಿಸಿದರು. ಅವತ್ತು ಯಾರೂ ಊಟಕ್ಕೆ ಏಳಲಿಲ್ಲ. ಹೊತ್ತು ಇಳಿಯುವ ಮುಂಚೆ ನನ್ನ ಕೈಗೇ ಸಿಕ್ಕಿತು, ಎರಡು ಕಲ್ಲಿನ ಸಂದಿಯಲ್ಲಿ ಕೆಂಪು ದಾರ. ನಾನು ಹೊಸೆದ ಹುರಿ. ಅಣ್ಣ ಹಾಕಿದ ಗಂಟು ಹಾಗೆಯೇ ಇತ್ತು, ಹರಿದದ್ದು ಬೇರೆ ಕಡೆ. ಲಿಂಗ ಸುತ್ತಿದ ಅರಿವೆ ಅದಕ್ಕೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ. ಎಲ್ಲರೂ ಬಗ್ಗಿ ನೋಡಿದರು.

ಅರಿವೆ ಹರಿದು ಒಳಗೆ ಬರಿದಾಗಿತ್ತು.

ಸುತ್ತಲಿನ ಚೂರನ್ನೆಲ್ಲಾ ಮೊರದಲ್ಲಿ ಕೇರಿದೆವು. ಇಲ್ಲ. ಆಗ ಅವ್ವ ಕೇಳಿದಳು: "ಇಲ್ಲಿ ಮೇಲಿದ್ದ ಕಲ್ಲ ಎಲ್ಲಿ ಹೋದೂ?"

ಮುಕಾದಮರ ಮುಖ ಸಣ್ಣದಾಯಿತು. ಅಣ್ಣನನ್ನು ಹುಡುಕುತ್ತಾ ಮೊದಲ ಸಂಜೆ ಇಲ್ಲಿಯದನ್ನೇ ಅವಸರದಲ್ಲಿ ಎಳೆದು ಲಾರಿಗೆ ಹಾಕಿದ್ದರು. ಆಗ ಲಿಂಗದ ನೆನಪು ಯಾರಿಗೂ ಇರಲಿಲ್ಲ. ಆ ಲಾರಿಗಳು ಹುನಗುಂದದ ರಸ್ತೆಯ ತಗ್ಗು ತುಂಬಲು ಹೋಗಿದ್ದವು.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ಅವ್ವ, ನಾನು, ಗೆಳೆಯ, ಜೊತೆಗೆ ಕರೆಯದೆಯೇ ಬಂದ ಮುಕಾದಮರು. ಬಸ್ಸಿನಲ್ಲಿ ಮತ್ತೆ ಅವರಿಬ್ಬರದು ರಾಶಿ ಮೊದಲೋ ಬುಡ ಮೊದಲೋ ಎಂದು ನಡೆಯಿತು. ಹಿಂದಿನ ಸೀಟಿನವರೂ ಪಕ್ಷ ಹಿಡಿದರು. ಕಂಡಕ್ಟರ್ ಬುಡದ ಕಡೆಗಾದ. ನಾನು ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯನ್ನೇ ನೋಡುತ್ತಿದ್ದೆ. ಹುನಗುಂದ ಇನ್ನೂ ಮುಂದಿದೆ ಅನ್ನುವಾಗ ಕರಿ ರಸ್ತೆಯ ನಡುವೆ ಕೆಂಪು ಕಂಡಿತು. ಅಲ್ಲೇ ಇಳಿದೆವು.

ರೋಲರ್ ಹಾದುಹೋಗಿತ್ತು. ಕಲ್ಲು ಕಲ್ಲಿಗೆ ಕಚ್ಚಿ ನೆಲವೇ ಆಗಿತ್ತು. ಆದರೂ ನಾವು ತಲೆ ಬಗ್ಗಿಸಿ ಒಂದೊಂದು ತೇಪೆ ನೋಡುತ್ತಾ ನಡೆದೆವು. ರಸ್ತೆ ಕೆಲಸದ ಹೆಣ್ಣುಮಗಳೊಬ್ಬಳು ಏನು ಕಳೆದಿದೆ ಎಂದು ಕೇಳಿದಳು. ಹೇಳಿದ್ದಕ್ಕೆ, ಸೆರಗು ಸಿಕ್ಕಿಸಿ ಅವಳೂ ನಮ್ಮ ಜೊತೆ ಬಗ್ಗಿದಳು. ಗೆಳೆಯ ಮೊಣಕಾಲೂರಿ ಅಂಗೈಯಿಂದ ಸವರಿ ನೋಡಿದ. ಬಸ್ಸು ಬಂದಾಗ ಬದಿಗೆ ಸರಿಯುತ್ತಿದ್ದೆವು, ಹೋದ ಮೇಲೆ ಮತ್ತೆ ಅಲ್ಲಿಂದಲೇ ಶುರು. ಕೊನೆಯ ತೇಪೆ ಮುಗಿದಾಗ ಅವ್ವ ಅಲ್ಲೇ ಬದುವಿನ ಮೇಲೆ ಕುಂತಳು. ಅವಳಿಗೆ ಅಳು ಬಂದದ್ದು ಆಗ. ನನಗೂ. ಅಲ್ಲಿಯ ತನಕ ನಮಗೆ ಅಳಲು ಪುರುಸೊತ್ತೇ ಆಗಿರಲಿಲ್ಲ.

ದೊಡ್ಡ ಕಲ್ಲನ್ನು ಎತ್ತುವ ದಿನ ಗೆಳೆಯ ಬಂದು ನನ್ನನ್ನು ಕರೆದುಕೊಂಡು ಹೋದ. ತಾನೇ ನೀರು ತಂದು ಅದರ ಮುಖಕ್ಕೆ ಹೊಯ್ದ. ಅಣ್ಣ ಸುಳ್ಳು ಹೇಳಿರಲಿಲ್ಲ. ಅಂಥ ಕೆಂಪನ್ನು ನಾನು ಯಾವ ಮಗ್ಗದ ಮೇಲೂ ಕಂಡಿಲ್ಲ.

ಖಣಿ ಯಾಕೆ ಕುಸಿಯಿತು ಅನ್ನುವುದು ತೀರ್ಮಾನವಾಗಲೇ ಇಲ್ಲ. ಮುಕಾದಮರು ರಾಶಿಯ ಮಾತನ್ನೇ ಹಿಡಿದು ತೀರಿಕೊಂಡರು. ಗೆಳೆಯನಿಗೆ ಈಗ ತಲೆ ನರೆತಿದೆ, ಬುಡ ಬಿಟ್ಟಿಲ್ಲ. ಅಣ್ಣನ ಗದ್ದಿಗೆಗೆ ಅವನೇ ಕೆಂಪು ಕಲ್ಲು ತಂದು, ತಲೆಯ ಕಡೆ ಲಿಂಗ ಹಿಡಿಯುವಷ್ಟು ಕುಳಿ ಕೊರೆದು ಕೊಟ್ಟಿದ್ದಾನೆ. ಕಳೆದ ವರ್ಷ ಅವ್ವನನ್ನು ಅದರ ಮಗ್ಗುಲಲ್ಲೇ ಕೂಡಿಸಿದೆವು, ಅಂಗೈಯಲ್ಲಿ ಅವಳದೇ ಲಿಂಗ ಇಟ್ಟು. ಅಲ್ಲಿಗೆ ಹೋದಾಗಲೆಲ್ಲ ಕುಳಿಯ ಧೂಳು ಒರೆಸಿ, ಒಂದು ಚೊಂಬು ನೀರು ಹೊಯ್ದು ಕಲ್ಲಿನ ಕೆಂಪು ನೋಡಿ ಬರುತ್ತೇನೆ.

ಅಣ್ಣನ ಲಿಂಗ ಇನ್ನೂ ಸಿಕ್ಕಿಲ್ಲ.