ಅಮ್ಮನ ಬಸಳೆ

ನಾನು ತರಕಾರಿ ಬೆಳೆಯಲು ಹೊರಟದ್ದು ಆಸೆಯಿಂದಲ್ಲ, ಹೆದರಿಕೆಯಿಂದ. ಎಂಬತ್ತರ ದಶಕದ ಆರಂಭ. ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಜೊತೆಗಿರಲು ತಂಗಿ ಹತ್ತಿರದ ಪರ್ಕಳದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಬೆಳ್ಮಣ್ಣಿನ ಮನೆಗೆ ಬೀಗ ಬಿದ್ದ ಮೇಲೆ ಬಾವಿಯ ಬಳಿಯ ಬಸಳೆ ಚಪ್ಪರಕ್ಕೆ ನೀರು ಹಾಕುವವರಿರಲಿಲ್ಲ. ಅಮ್ಮನಿಗೆ ಹೊಟ್ಟೆಯ ಗಡ್ಡೆಗಿಂತ ಅದರದ್ದೇ ಚಿಂತೆ. ಅದು ಅವಳ ತಾಯಿ ಕೊಟ್ಟ ಬಳ್ಳಿ.

"ಒಂದು ದಂಟಾದರೂ ಕಾಪುವಿಗೆ ಕೊಂಡುಹೋಗಿ ನೆಡು," ಎಂದಳು. "ನಿನ್ನ ಕೈಯಲ್ಲಿ ಹುಲ್ಲೂ ಬದುಕುವುದಿಲ್ಲ, ಗೊತ್ತುಂಟು. ಆದರೆ ಬೇರೆ ಯಾರಿದ್ದಾರೆ ಮಾರಾಯ್ತಿ?"

ಮಾತು ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ನಾನು ಬೆಳ್ಮಣ್ಣಿಗೆ ಹೋಗುವಷ್ಟರಲ್ಲಿ ಬಳ್ಳಿಯೆಲ್ಲ ಒಣಗಿ, ಎರಡೇ ಎರಡು ದಂಟುಗಳಲ್ಲಿ ಜೀವವಿತ್ತು. ಅವನ್ನು ಕಾಪುವಿನ ಗಂಡನ ಮನೆಗೆ ತಂದೆ.

ಅಲ್ಲಿ ಅತ್ತೆಯೇ ನನಗೆ ಗುರು. ಗಂಟು ಮಣ್ಣಿನೊಳಗೆ ಹೋಗಬೇಕು, ಚಿಗುರುವ ತನಕ ತೆಂಗಿನ ಗರಿಯ ನೆರಳು ಬೇಕು ಎಂದು ತೋರಿಸಿಕೊಟ್ಟರು. "ಮೀನು ತೊಳೆದ ನೀರು ಚೆಲ್ಲಬೇಡ, ಬುಡಕ್ಕೆ ಹಾಕು. ಹೇಗೆ ಏಳುತ್ತದೆ ನೋಡು," ಎಂದರು. ನಿಜಕ್ಕೂ ಎದ್ದಿತು. ಆಸ್ಪತ್ರೆಗೆ ಹೋದಾಗಲೆಲ್ಲ ಎಷ್ಟು ಎಲೆ ಬಂತೆಂದು ಅಮ್ಮ ಕೇಳುವಳು. ನಾನು ಎರಡು ಸೇರಿಸಿಯೇ ಹೇಳುತ್ತಿದ್ದೆ. ನನಗೂ ಸ್ವಲ್ಪ ಜಂಬ ಬಂದಿತ್ತು.

ಮೇ ತಿಂಗಳ ಕೊನೆಗೆ ಕಡಲು ಕೆರಳಿ ದೋಣಿಗಳು ದಡ ಸೇರಿದವು. ಮಳೆ ಮಾತ್ರ ಬರಲಿಲ್ಲ. ಹಸಿಮೀನಿಲ್ಲದೆ ಮನೆಯಲ್ಲಿ ದಿನವೂ ಒಣಮೀನು. ಅದನ್ನು ನೆನೆಸಿದ ನೀರನ್ನು ಐದು ದಿನ ಭಕ್ತಿಯಿಂದ ಬಸಳೆಯ ಬುಡಕ್ಕೆ ಸುರಿದೆ. ಮೀನಿನ ನೀರು ಮೀನಿನ ನೀರೇ ಅಲ್ಲವೇ ಎಂದುಕೊಂಡ ದಡ್ಡಿ ನಾನು. ಎಲೆಗಳ ಅಂಚು ಸುಟ್ಟಿತು, ಬಳ್ಳಿ ಜೋತುಬಿತ್ತು. ಅತ್ತೆ ಬುಡದ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಎಂತ ಮಾಡಿದೆ ಮಗಾ? ಇದು ಬರೀ ಉಪ್ಪು!"

ಕೊಡಗಟ್ಟಲೆ ನೀರು ಹೊಯ್ದೆ. ಏನೂ ಪ್ರಯೋಜನವಾಗಲಿಲ್ಲ.

ಅದೇ ವಾರ ಅಮ್ಮನಿಗೆ ಬಸಳೆ ಪದಾರ್ಥ ಉಣ್ಣುವ ಆಸೆಯಾಯಿತು. ಉಡುಪಿಯ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊಂಡು, ತಂಗಿ ಅಮ್ಮನ ಬಳಿಯಿದ್ದಾಗ ಅವಳ ಕೋಣೆಯಲ್ಲಿ ಬೇಯಿಸಿ ಒಯ್ದೆ. ಎರಡು ತುತ್ತು ಉಂಡು, ರುಚಿಗೆ ಕಣ್ಣು ಮುಚ್ಚಿಕೊಂಡಳು.

"ನಮ್ಮದೇ ಅಲ್ವಾ?"

"ನಮ್ಮದೇ ಅಮ್ಮ."

"ನಿನಗೂ ಕೈಗುಣ ಉಂಟು ಹಾಗಾದರೆ. ತಂಗಿಗೂ ಒಂದು ದಂಟು ಕೊಡು."

ಆಗಲೇ ಹೇಳಿಬಿಡಬೇಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಬಾರಿ ಅವಳು ನನ್ನನ್ನು ಹೊಗಳಿದ್ದಳು. ಮಳೆಗಾಲ ಮುಗಿಯುವ ಮೊದಲೇ ಅಮ್ಮ ತೀರಿಕೊಂಡಳು.

ಎರಡು ವರ್ಷದ ಬಳಿಕ ತಂಗಿಗೆ ಕಾರ್ಕಳದಲ್ಲಿ ಮದುವೆಯಾಯಿತು. ಹೊರಡುವಾಗ ಅವಳು ಕೇಳಿದ್ದು ಅಮ್ಮನ ಬಳ್ಳಿಯ ದಂಟೊಂದನ್ನೇ. ಮಾರ್ಕೆಟ್ಟಿನಿಂದ ದಪ್ಪದ ದಂಟು ಆರಿಸಿ ತಂದು ಕೊಟ್ಟೆ. ಅವಳ ಅಂಗಳದಲ್ಲಿ ಅದು ಚಪ್ಪರ ತುಂಬಿ ಮನೆಯ ಮಾಡಿನ ಮೇಲೂ ಹಬ್ಬಿತು. ಅಕ್ಕಪಕ್ಕದವರಿಗೆ, ನಾದಿನಿಯರಿಗೆ, ಈಗ ಮಗಳ ಮನೆಗೂ ಕೊಟ್ಟಿದ್ದಾಳೆ. ಎಲ್ಲರೂ ಅದನ್ನು ನಮ್ಮ ಅಮ್ಮನ ಬಸಳೆ ಎಂದೇ ಕರೆಯುತ್ತಾರೆ.

ನಾನು ಹೋದ ದಿನ ಅವಳು ಬೇರೆ ಅಡುಗೆ ಮಾಡುವುದಿಲ್ಲ. "ಇನ್ನೊಂದು ಸೌಟು ಹಾಕಿಕೋ ಅಕ್ಕ, ಅಮ್ಮನ ಬಳ್ಳಿಯದ್ದು," ಎನ್ನುತ್ತಾಳೆ. ನಾನು ಹಾಕಿಸಿಕೊಳ್ಳುತ್ತೇನೆ. ಅತ್ತೆಯೂ ಹೋದ ಮೇಲೆ, ಆ ಬಳ್ಳಿ ಸತ್ತದ್ದು ಗೊತ್ತಿರುವವಳು ನಾನೊಬ್ಬಳೇ.