ನೀರು ಕೇಳುವ ಭಾಷೆ

ಬ್ರಿಸ್ಬೇನಿನಲ್ಲಿ ಮೊಮ್ಮಗಳ ಫ್ರೆಂಚ್ ತರಗತಿ ನೋಡಲು ನಿನ್ನೆ ಹೋಗಿದ್ದೆ. ಅಲ್ಲಿ ಲೆಕ್ಕ, ಚಿತ್ರ, ಗಿಡಗಳ ಪಾಠ ಎಲ್ಲವೂ ಫ್ರೆಂಚಿನಲ್ಲೇ. ಒಬ್ಬ ಹುಡುಗ ಇಂಗ್ಲಿಷಿನಲ್ಲಿ ನೀರು ಕೇಳಿದ. ಟೀಚರ್ ಅರ್ಥವಾಗದವರಂತೆ ನಗುತ್ತಾ ನಿಂತರು. ಫ್ರೆಂಚಿನಲ್ಲಿ ಕೇಳಿದ ಮೇಲೆಯೇ ಬಾಟಲಿ ಅವನ ಕೈಗೆ ಬಂತು.

ನನಗೆ ನಮ್ಮ ಮೈಸೂರಿನ ಅಡುಗೆಮನೆ ನೆನಪಾಯಿತು. ಕಾನ್ವೆಂಟಿನಿಂದ ಬಂದು "ವಾಟರ್ ಪ್ಲೀಸ್" ಎಂದರೆ ಸೋದರತ್ತೆ ಅವರೆಕಾಳು ಹಿತಕುತ್ತಾ ತಲೆಯನ್ನೇ ಎತ್ತುತ್ತಿರಲಿಲ್ಲ. ನೆನೆದ ಸಿಪ್ಪೆಯ ಹಸಿವಾಸನೆ, ಸುಕ್ಕುಗಟ್ಟಿದ ಅವರ ಬೆರಳುಗಳು. "ಯಾರೋ ದೊರೆಗಳು ಬಂದಿದಾರೆ ಕಣ್ರೋ, ಕುರ್ಚಿ ಹಾಕಿ" ಎಂದು ಗೋಡೆಗೆ ಹೇಳುತ್ತಿದ್ದರು. "ಅತ್ತೆ, ನೀರು ಕೊಡಿ" ಎಂದ ಕೂಡಲೇ ಬೆಲ್ಲದ ಚೂರಿನೊಂದಿಗೆ ಲೋಟ ಬರುತ್ತಿತ್ತು.

ಅದೇ ಉಪಾಯಕ್ಕೆ ಇಲ್ಲಿ ಎಷ್ಟು ಮರ್ಯಾದೆ! ಆ ತರಗತಿಯ ಸೀಟಿಗಾಗಿ ಹೆತ್ತವರು ಕಾಯುತ್ತಾರೆ. ಹಾಗೆ ಕಾದವರಲ್ಲಿ ನನ್ನ ಮಗಳೂ ಒಬ್ಬಳು. ಮನೆಯಲ್ಲಿ ಕನ್ನಡ ಬೇಡ ಎನ್ನುವವಳೂ ಅವಳೇ: "ಅಪ್ಪಾ, ಮಗೂಗೆ ಕನ್‌ಫ್ಯೂಸ್ ಆಗುತ್ತೆ." ಎರಡು ಭಾಷೆಗಳಿಗೆ ಗೊಂದಲಗೊಳ್ಳದ ತಲೆ ತಾತನ ಭಾಷೆಗೆ ಮಾತ್ರ ಗೊಂದಲಗೊಳ್ಳುತ್ತದೆಯೇ?

ಇವತ್ತು ಶಾಲೆಯಿಂದ ಬಂದ ಮೊಮ್ಮಗಳು "ತಾತಾ, ಕ್ಯಾನ್ ಐ ಹ್ಯಾವ್ ಸಮ್ ವಾಟರ್?" ಎಂದಳು. ನಾನು ಅತ್ತೆಯಂತೆ ಸುಮ್ಮನೆ ಕೂತೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ. "ನೀರು" ಎಂಬ ಒಂದೇ ಮಾತು ಬಂದಿದ್ದರೆ ಸಾಕಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಕೇಳಿದಳು. "ಮಮ್ಮೀ, ತಾತಾ ಕಾಂಟ್ ಹಿಯರ್ ಮಿ" ಎಂದು ಒಳಗೆ ಕೂಗಿದಳು. ಆಮೇಲೆ ನನ್ನ ಮೊಣಕೈಯನ್ನು ಮೆಲ್ಲಗೆ ತಟ್ಟಿ, "ಇಟ್ಸ್ ಓಕೆ, ತಾತಾ" ಎಂದು ನನಗೇ ಸಮಾಧಾನ ಹೇಳಿ, ಸ್ಟೂಲು ಎಳೆದುಕೊಂಡು ತಾನೇ ನಲ್ಲಿ ತಿರುಗಿಸಿದಳು.